ಪರ್ಜ್ ವಾಲ್ವ್ ಬದಲಾಯಿಸಿದರೂ ದೀಪ ಆರಲಿಲ್ಲ, ಇಸಿಯು ಹಾಕಿಸಲಾ?

ಪ್ರಶ್ನೆ: ನಾಪೋಕ್ಲಿನಿಂದ ಓದುಗರೊಬ್ಬರು ಕೇಳಿದ್ದಾರೆ. ಅವರದು 2020ರ ಬಿಎಸ್6 ಪೆಟ್ರೋಲ್ ಹ್ಯಾಚ್‌ಬ್ಯಾಕ್, ಓಡಿರುವುದು 58,000 ಕಿಲೋಮೀಟರ್. ಜುಲೈ ಮಳೆಯಲ್ಲಿ ಚೆಕ್ ಎಂಜಿನ್ ದೀಪ ಹತ್ತಿತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0444 ಎಂದು ಬಂತು. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಬದಲಾಯಿಸಿದರು. ನಾಲ್ಕು ದಿನ ಸುಮ್ಮನಿದ್ದ ದೀಪ ಮಳೆ ಜೋರಾದ ದಿನ ಮತ್ತೆ ಹತ್ತಿತು. ಬಿಸಿಲು ಬಿದ್ದ ದಿನ ಕೋಡ್ ಅಳಿಸಿದರೆ ವಾಪಸ್ ಬರುವುದಿಲ್ಲವಂತೆ. ಯಾವುದೋ ವಿಡಿಯೋ ನೋಡಿ ಪೆಟ್ರೋಲ್ ಮುಚ್ಚಳವನ್ನೂ ಹೊಸದು ಹಾಕಿದ್ದಾರೆ. ಈಗ ಗ್ಯಾರೇಜಿನವರು ‘ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ’ ಎನ್ನುತ್ತಿದ್ದಾರೆ. ಹಾಕಿಸಲಾ? ಮುಂದಿನ ವಾರ ಮಗಳನ್ನು ಹಾಸ್ಟೆಲಿಗೆ ಬಿಡಲು ಮೈಸೂರಿಗೆ ಹೋಗಬೇಕು, ದೀಪ ಹತ್ತಿದ್ದರೂ ಹೋಗಬಹುದಾ?

ಉತ್ತರ:

ಹಾಕಿಸಬೇಡಿ. ಕೊನೆಗೆ ಇಸಿಯುನೇ ಹೋಗಿದೆ ಅಂತ ಖಚಿತವಾದರೆ ಆಗ ನೋಡೋಣ. ಆದರೆ ನಿಮ್ಮ ಮಾತಲ್ಲೇ ದೊಡ್ಡ ಸುಳಿವು ಇದೆ. ಮಳೆ ಬಂದರೆ ದೀಪ, ಬಿಸಿಲು ಬಂದರೆ ಇಲ್ಲ. ಮಳೆ ನೋಡಿಕೊಂಡು ಕೆಡುವ ಇಸಿಯುಗಳನ್ನು ನಾನು ಇಷ್ಟು ವರ್ಷದಲ್ಲಿ ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಮಳೆ ನೋಡಿಕೊಂಡು ಕೆಡುವ ಕಪ್ಲರ್ (ವೈರ್ ಜೋಡಿಸುವ ಪ್ಲಗ್), ವೈರ್ ಎಷ್ಟು ಅಂತ ಲೆಕ್ಕವೇ ಇಟ್ಟಿಲ್ಲ, ಅದರಲ್ಲೂ ನಮ್ಮ ಕೊಡಗಿನಲ್ಲಿ.

ಮೊದಲು ಕೋಡ್ ಏನು ಹೇಳುತ್ತಿದೆ ಅಂತ ನೋಡೋಣ. ಪಿ0443, 0444, 0445, 0458, 0459 ಎಲ್ಲ ಒಂದೇ ಮನೆಯವು. 0443 ಅಂದರೆ ಪರ್ಜ್ ವಾಲ್ವಿನ ಸರ್ಕ್ಯೂಟ್‌ನಲ್ಲಿ ಏನೋ ಸರಿಯಿಲ್ಲ. 0444 ಅಂದರೆ ಸರ್ಕ್ಯೂಟ್ ಎಲ್ಲೋ ಓಪನ್ ಆಗಿದೆ, ಅಂದರೆ ಕರೆಂಟಿನ ದಾರಿ ತುಂಡಾಗಿದೆ. 0445 ಅಂದರೆ ಶಾರ್ಟ್. 0458ರಲ್ಲಿ ವೋಲ್ಟೇಜ್ ಇರಬೇಕಾದ್ದಕ್ಕಿಂತ ಕಡಿಮೆ, 0459ರಲ್ಲಿ ಜಾಸ್ತಿ. ಈ ಐದರಲ್ಲಿ ಒಂದಾದರೂ ‘ವಾಲ್ವ್ ಹೋಗಿದೆ’ ಎನ್ನುವುದಿಲ್ಲ, ನೋಡಿ. ಎಲ್ಲವೂ ಹೇಳುವುದು ಸರ್ಕ್ಯೂಟ್ ಬಗ್ಗೆ. ಆದರೆ ಸ್ಕ್ಯಾನರ್ ಪರದೆಯ ಮೇಲೆ ‘ಪರ್ಜ್ ವಾಲ್ವ್’ ಎಂಬ ಪದ ಕಂಡ ಕೂಡಲೇ ನಮ್ಮವರು ಅಂಗಡಿಗೆ ಫೋನ್ ಮಾಡಿ ವಾಲ್ವ್ ತರಿಸುತ್ತಾರೆ. ಅದು ಕೆಲಸ ಮಾಡದಿದ್ದರೆ ಸೀದಾ ಇಸಿಯುಗೆ ಹಾರುತ್ತಾರೆ. ನಡುವೆ ಮಾರುದ್ದದ ವೈರ್ ಇದೆ, ಎರಡು ಕಪ್ಲರ್ ಇದೆ, ಫ್ಯೂಸ್ ಇದೆ, ರಿಲೇ ಇದೆ. ಅವನ್ನು ಯಾರೂ ಮಾತಾಡಿಸುವುದಿಲ್ಲ.

ಪೆಟ್ರೋಲ್ ಮುಚ್ಚಳದ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಆ ವಿಡಿಯೋ ಅಮೆರಿಕದ್ದಾಗಿರಬೇಕು. ಅಲ್ಲಿನ ಕಾರುಗಳು ಟ್ಯಾಂಕಿನಿಂದ ಎಂಜಿನ್‌ವರೆಗೆ ಆವಿ ಹೋಗುವ ದಾರಿಯಲ್ಲಿ ಎಲ್ಲಾದರೂ ಸೋರಿಕೆ ಇದೆಯಾ ಎಂದು ತಾವೇ ಪರೀಕ್ಷೆ ಮಾಡಿಕೊಳ್ಳುತ್ತವೆ. ಸುಮಾರು ಅರ್ಧ ಮಿಲಿಮೀಟರ್ ತೂತನ್ನೂ ಹಿಡಿಯುತ್ತವೆ. ಅಲ್ಲಿ ಮುಚ್ಚಳ ಸಡಿಲ ಇದ್ದರೂ ದೀಪ ಹತ್ತುತ್ತದೆ, ಪಿ0442, 0455, 0456 ಅಂತೆಲ್ಲ ಬರುತ್ತದೆ. ನಮ್ಮ ಭಾರತ್ ಸ್ಟೇಜ್ (ಬಿಎಸ್) ಹೊಗೆ ನಿಯಮಗಳು ಹಿಡಿದಿರುವುದು ಯುರೋಪಿನ ದಾರಿ. ಯುರೋಪಿನ ನಿಯಮ ಕನಿಷ್ಠ ಕೇಳುವುದು ಪರ್ಜ್ ವಾಲ್ವಿನ ಕರೆಂಟಿನ ದಾರಿ ಅಖಂಡವಾಗಿದೆಯಾ ಎಂದು ನೋಡುವುದನ್ನು. ಹಾಗಾಗಿ ಇಲ್ಲಿ ಈ ವ್ಯವಸ್ಥೆಯ ಕೋಡ್ ಬಂತು ಅಂದರೆ ಬಹುಪಾಲು ಅದು ಕರೆಂಟಿನ ತಕರಾರೇ. ಹೇಗಿದ್ದರೂ 0444ಕ್ಕೂ ಮುಚ್ಚಳಕ್ಕೂ ಸಂಬಂಧವೇ ಇಲ್ಲ. ಹಳೇ ಮುಚ್ಚಳ ಇದ್ದರೆ ಇಟ್ಟುಕೊಂಡಿರಿ, ಬೇಕಾಗಬಹುದು.

ಈಗ ಈ ವಾಲ್ವ್ ಅಂದರೆ ಏನು, ಅದಕ್ಕೆ ಕರೆಂಟು ಹೇಗೆ ಹೋಗುತ್ತದೆ ಅಂತ ಸ್ವಲ್ಪ ಹೇಳಬೇಕು. ಇದು ತಿಳಿದರೆ ಮುಂದಿನದು ಸುಲಭ. ಟ್ಯಾಂಕಿನಲ್ಲಿ ಪೆಟ್ರೋಲ್ ಸದಾ ಆವಿಯಾಗುತ್ತಿರುತ್ತದೆ. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬಂದರೆ ಸುಮಾರು 1,150 ಮೀಟರ್ ಮೇಲೆ ಬಂದಿರುತ್ತೀರಿ, ಹೊರಗಿನ ಗಾಳಿಯ ಒತ್ತಡ ಹತ್ತಿರ ಹತ್ತಿರ ಎಂಟರಲ್ಲೊಂದು ಪಾಲು ಕಡಿಮೆಯಾಗಿರುತ್ತದೆ, ಆವಿ ಇನ್ನೂ ಜೋರಾಗಿ ಹೊರಗೆ ನುಗ್ಗುತ್ತದೆ. ಆ ಆವಿಯನ್ನು ಗಾಳಿಗೆ ಬಿಡುವಂತಿಲ್ಲ. ಅದಕ್ಕೆ ಇದ್ದಿಲು ತುಂಬಿದ ಡಬ್ಬಿ ಇಟ್ಟಿದ್ದಾರೆ, ಅದೇ ಕ್ಯಾನಿಸ್ಟರ್. ಇದ್ದಿಲು ಆವಿಯನ್ನು ಹೀರಿಟ್ಟುಕೊಳ್ಳುತ್ತದೆ. ಎಂಜಿನ್ ಬಿಸಿಯಾಗಿ ಹದವಾಗಿ ಓಡುತ್ತಿರುವಾಗ ಪರ್ಜ್ ವಾಲ್ವ್ ಬಾಯಿ ತೆರೆಯುತ್ತದೆ, ಎಂಜಿನ್ ತನ್ನ ಎಳೆತದಿಂದ ಆ ಆವಿಯನ್ನು ಒಳಗೆಳೆದುಕೊಂಡು ಸುಟ್ಟುಹಾಕುತ್ತದೆ. ಕರೆಂಟಿಲ್ಲದಾಗ ವಾಲ್ವ್ ಬಾಯಿ ಮುಚ್ಚಿರುತ್ತದೆ. ಹೊಸ ವಿದ್ಯೆ ಏನಲ್ಲ, ಕ್ಯಾಲಿಫೋರ್ನಿಯಾದಲ್ಲಿ 1970ರ ಮಾಡೆಲ್ ಕಾರುಗಳಿಂದಲೇ ಆವಿ ಹಿಡಿಯುವ ನಿಯಮ ಇದೆ.

ವಾಲ್ವಿಗೆ ಇರುವುದು ಎರಡೇ ವೈರ್. ಒಂದರಲ್ಲಿ ಕೀ ಆನ್ ಮಾಡಿದಾಗ ಫ್ಯೂಸ್, ರಿಲೇ ದಾಟಿ 12 ವೋಲ್ಟ್ ಬರುತ್ತದೆ. ಇನ್ನೊಂದು ಇಸಿಯುಗೆ ಹೋಗುತ್ತದೆ. ತುಂಬಾ ಜನ ಇಸಿಯು ವಾಲ್ವಿಗೆ ಕರೆಂಟು ಕೊಡುತ್ತದೆ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ, ಇಸಿಯು ಕೊಡುವುದು ಅರ್ತ್, ಅಂದರೆ ಬ್ಯಾಟರಿ ನೆಗೆಟಿವಿಗೆ ವಾಪಸ್ ಹೋಗುವ ದಾರಿ. ಒಳಗೊಂದು ಸಣ್ಣ ಎಲೆಕ್ಟ್ರಾನಿಕ್ ಸ್ವಿಚ್ ಇದೆ, ಅದು ಸೆಕೆಂಡಿಗೆ ಹಲವು ಸಲ ಆ ವೈರನ್ನು ಅರ್ತಿಗೆ ಸೇರಿಸಿ ಬಿಡಿಸಿ ಮಾಡುತ್ತದೆ. ಬಿಸಿ ಎಂಜಿನ್ ಓಡುವಾಗ ಬಾನೆಟ್ ತೆಗೆದು ಕಿವಿಗೊಟ್ಟರೆ ಟಿಕ್ ಟಿಕ್ ಅನ್ನುತ್ತದಲ್ಲ, ಇಂಜೆಕ್ಟರ್ ಸದ್ದಿನ ಜೊತೆ, ಅದು ಇದೇ.

ಸರಿ, ವೈರ್ ತುಂಡಾಗಿದೆ ಅಂತ ಇಸಿಯುಗೆ ಹೇಗೆ ಗೊತ್ತಾಗುತ್ತದೆ? ಒಳಗಿನ ಸ್ವಿಚ್ ಆಫ್ ಇದ್ದಾಗ, ವಾಲ್ವಿನ ಕಾಯಿಲ್ ಮೂಲಕ ಆ 12 ವೋಲ್ಟ್ ಇಸಿಯು ಕಾಲಿನವರೆಗೂ (ಪಿನ್) ಬಂದು ನಿಂತಿರಬೇಕು. ಬಂದಿದ್ದರೆ ದಾರಿ ಸರಿಯಿದೆ ಎಂದರ್ಥ. ಬಂದಿಲ್ಲ ಅಂದರೆ ತುಂಡಾಗಿರಬೇಕು, ಇಲ್ಲವೇ ಎಲ್ಲೋ ಅರ್ತ್ ಆಗಿರಬೇಕು. ಈ ಎರಡರಲ್ಲಿ ಯಾವುದು ಅಂತ ಗುರುತಿಸಲು ತುಂಬಾ ಇಸಿಯುಗಳು ತಾವೇ ಆ ಕಾಲಿಗೆ ಒಂದಿಷ್ಟು ವೋಲ್ಟ್, ಎರಡೋ ಮೂರೋ ನಾಲ್ಕೋ, ಬಹಳ ಸಣ್ಣದಾಗಿ ಕೊಟ್ಟಿರುತ್ತವೆ. ವೈರ್ ತುಂಡಾಗಿದ್ದರೆ ಆ ಸಣ್ಣ ವೋಲ್ಟೇಜ್ ಹಾಗೇ ನಿಲ್ಲುತ್ತದೆ. ಅರ್ತ್ ಆಗಿದ್ದರೆ ಸೊನ್ನೆಗೆ ಬೀಳುತ್ತದೆ. ಈ ಸಣ್ಣ ವೋಲ್ಟೇಜನ್ನು ನೆನಪಿಟ್ಟುಕೊಳ್ಳಿ. ಮೀಟರಲ್ಲಿ ಇದನ್ನು ನೋಡಿ ‘12 ಬರಬೇಕಿತ್ತು, ಮೂರೇ ಬರ್ತಿದೆ, ಇಸಿಯು ಢಮಾರ್’ ಅಂದವರನ್ನು ನಾನು ಕಂಡಿದ್ದೇನೆ. ಅದು ಇಸಿಯು ಬದುಕಿದೆ ಅನ್ನುವುದಕ್ಕೆ ಗುರುತು!

ಇನ್ನು ಪರೀಕ್ಷೆ. ನಿಮಗೆ ಬೇಕಾಗಿರುವುದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, 5 ವ್ಯಾಟಿನ ಪಾರ್ಕಿಂಗ್ ಬಲ್ಬಿಗೆ ಎರಡು ವೈರ್ ಕಟ್ಟಿ ಮಾಡಿಕೊಂಡ ಟೆಸ್ಟ್ ಲ್ಯಾಂಪ್, ಬಟ್ಟೆ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ. ತೋಟದ ಸ್ಪ್ರೇ ಪಂಪ್ ಬೇಡ ಮಾರಾಯ್ರೆ, ಬೋರ್ಡೋ ದ್ರಾವಣ ಹೊಡೆದ ಪಂಪಿನಲ್ಲಿ ಮೈಲುತುತ್ತದ ಶೇಷ ಇದ್ದೇ ಇರುತ್ತದೆ, ಅದು ಕಪ್ಲರಿಗೆ ಬಿದ್ದರೆ ಇಲ್ಲದ ರೋಗ ತಂದುಕೊಂಡಂತೆ. ಮತ್ತೆ, ಇದು ಪೆಟ್ರೋಲ್ ಆವಿ ಓಡಾಡುವ ಜಾಗ. ಹೋಸ್ ಬಿಚ್ಚಿಟ್ಟು ಬಲ್ಬ್ ಮುಟ್ಟಿಸಿ ಕಿಡಿ ಹಾರಿಸಬೇಡಿ, ಶೆಡ್ಡಿನಿಂದ ಕಾರು ಹೊರಗೆ ತನ್ನಿ, ಪಕ್ಕದಲ್ಲಿ ಬೀಡಿ ಸೇದುವವರಿದ್ದರೆ ಅವರನ್ನು ಕಾಫಿ ಕುಡಿಯಲು ಕಳಿಸಿ.

ವಾಲ್ವ್ ಇರುವುದು ಸಾಮಾನ್ಯವಾಗಿ ಎಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್ ಹತ್ತಿರ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕಪ್ಪು ಪ್ಲಾಸ್ಟಿಕ್ ವಸ್ತು, ಎರಡು ಹೋಸ್, ಎರಡು ಪಿನ್ನಿನ ಕಪ್ಲರ್. ಹೊಸದು ಹಾಕಿದ್ದಾರಲ್ಲ, ಹಾಗಾಗಿ ಫಳಫಳ ಅನ್ನುತ್ತಿರುತ್ತದೆ, ಹುಡುಕುವುದು ಕಷ್ಟವಿಲ್ಲ. ಕೀ ಆಫ್ ಮಾಡಿ ಕಪ್ಲರ್ ಬಿಚ್ಚಿ. ಬಿಚ್ಚಿದ ಕೂಡಲೇ ಮೀಟರ್ ಇಡಬೇಡಿ, ಮೊದಲು ಟಾರ್ಚ್ ಹಾಕಿ ಕಣ್ಣಲ್ಲಿ ನೋಡಿ. ಒಳಗೆ ಹಸಿರು ಕಿಲುಬು ಇದೆಯಾ? ಸುತ್ತಲಿನ ರಬ್ಬರ್ ಸೀಲ್ ಜಾಗದಲ್ಲಿದೆಯಾ, ಹಳೇ ವಾಲ್ವಿನ ಜೊತೆ ಹೋಯಿತಾ? ಲಾಕ್ ಮುರಿದು ಕೇಬಲ್ ಟೈ ಕಟ್ಟಿದ್ದಾರಾ? ವೈರನ್ನು ಮೆಲ್ಲಗೆ ಎಳೆದರೆ ಪಿನ್ ಹಿಂದಕ್ಕೆ ಜಾರುತ್ತದಾ? ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ಮೀಟರಿನ ದಪ್ಪ ಮೊನೆಯನ್ನು ಹೆಣ್ಣು ಪಿನ್ನಿನೊಳಗೆ ತುರುಕಿ ತುರುಕಿ ಅದರ ಬಾಯಿ ಅಗಲವಾಗಿರುತ್ತದೆ. ಕಪ್ಲರ್ ಕಚ್ಚಿದ ಹಾಗೆ ಕಾಣುತ್ತದೆ, ಒಳಗೆ ಪಿನ್ ಪಿನ್ನಿಗೆ ಸರಿಯಾಗಿ ತಾಗುವುದಿಲ್ಲ. ಪರೀಕ್ಷೆ ಮಾಡಿದವರೇ ತಂದಿಟ್ಟ ರೋಗ ಅದು. ನೀವು ತೆಳು ಗುಂಡುಸೂಜಿ ಬಳಸಿ.

ಮೊದಲು ವಾಲ್ವಿನ ಎರಡು ಕಾಲಿಗೆ ಮೀಟರ್ ಇಟ್ಟು ಓಮ್ ನೋಡಿ. ಸಾಧಾರಣವಾಗಿ 20ರಿಂದ 30 ಓಮ್ ಇರುತ್ತದೆ, ನಿಮ್ಮ ಕಾರಿನ ನಿಖರ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇದೆ. ಏನೂ ತೋರಿಸದಿದ್ದರೆ ಕಾಯಿಲ್ ಒಳಗೇ ತುಂಡು, ಹೊಸ ವಾಲ್ವೇ ಆಗಿದ್ದರೂ. ‘ಹೊಸದು ಅಲ್ವಾ, ಸರಿ ಇರುತ್ತೆ’ ಅನ್ನುವ ನಂಬಿಕೆ ನನಗಿಲ್ಲ, ಡಬ್ಬಿಯಿಂದ ತೆಗೆದಾಗಲೇ ಸತ್ತಿದ್ದ ಪಾರ್ಟುಗಳನ್ನು ಹಾಕಿದ್ದೇನೆ. ಎರಡು ಮೂರು ಓಮ್ ತೋರಿಸಿದರೆ ಅದು ಇನ್ನೂ ಕೆಟ್ಟದ್ದು. 25 ಓಮಿಗೆ ಅರ್ಧ ಆಂಪಿಯರಿನಷ್ಟು ಕರೆಂಟು ಹರಿಯುತ್ತದೆ, 3 ಓಮಿಗೆ 4 ಆಂಪಿಯರ್. ಇಸಿಯು ಒಳಗಿನ ಆ ಸಣ್ಣ ಸ್ವಿಚ್ಚಿಗೆ ಅಷ್ಟು ತಡೆಯುವ ಶಕ್ತಿ ಇಲ್ಲ. ವಾಲ್ವ್ ತಣ್ಣಗಿದ್ದಾಗ ಒಮ್ಮೆ, ಅರ್ಧ ಗಂಟೆ ಓಡಿಸಿ ಬಿಸಿಯಾದಾಗ ಒಮ್ಮೆ ನೋಡಿ.

ಮುಂದಿನದು ಮುಖ್ಯವಾದ ಪರೀಕ್ಷೆ, ನಿಮ್ಮ ಗ್ಯಾರೇಜಿನವರು ಮಾಡಿಲ್ಲ ಅಂತ ನನಗೆ ಬಲವಾದ ಅನುಮಾನ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಬೇಡ. ಕಪ್ಲರಿನ ಒಂದು ಪಿನ್ನಿನಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಸಿಗಬೇಕು. ಕೆಲವು ಕಾರುಗಳಲ್ಲಿ ಎಂಜಿನ್ ಓಡುವಾಗ ಮಾತ್ರ ಸಿಗುತ್ತದೆ, ಗಾಬರಿಯಾಗಬೇಡಿ. ಮೀಟರ್ 12.3 ಅಂತ ತೋರಿಸಿತು ಅಂದುಕೊಳ್ಳಿ. ಗ್ಯಾರೇಜಿನವರು ಇಲ್ಲಿಗೇ ‘ಸಪ್ಲೈ ಓಕೆ’ ಅಂತ ಬರೆದುಬಿಡುತ್ತಾರೆ. ಆದರೆ ಮೀಟರ್ ಆ ವೈರಿನಿಂದ ಕರೆಂಟು ಎಳೆಯುವುದೇ ಇಲ್ಲ ಅನ್ನಬಹುದು. ನಿಮ್ಮ ತೋಟದ ಸ್ಪ್ರಿಂಕ್ಲರ್ ಪೈಪ್ ನೆನಪು ಮಾಡಿಕೊಳ್ಳಿ. ಪೈಪಿನೊಳಗೆ ಕಸ ಕಟ್ಟಿದ್ದರೂ ತುದಿಯ ವಾಲ್ವ್ ಮುಚ್ಚಿರುವವರೆಗೆ ಪ್ರೆಷರ್ ಗೇಜ್ ಪೂರ್ತಿ ಪ್ರೆಷರ್ ತೋರಿಸುತ್ತದೆ. ವಾಲ್ವ್ ತೆಗೆದು ನಾಲ್ಕು ಜೆಟ್ ಬಿಟ್ಟಾಗಲೇ ಅದರ ಬಣ್ಣ ಬಯಲಾಗುವುದು. ವೈರೂ ಅಷ್ಟೇ. ಇಪ್ಪತ್ತು ಎಳೆಯ ತಾಮ್ರದಲ್ಲಿ ಹತ್ತೊಂಬತ್ತು ಎಳೆ ಕಿಲುಬಿಗೆ ಹೋಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ.

ಅದಕ್ಕೇ ಬಲ್ಬ್. ಅದರ ಒಂದು ತುದಿ ಸಪ್ಲೈ ಪಿನ್ನಿಗೆ, ಇನ್ನೊಂದು ತುದಿ ಬ್ಯಾಟರಿ ನೆಗೆಟಿವಿಗೆ. 5 ವ್ಯಾಟ್ ಬಲ್ಬ್ ಎಳೆಯುವ ಕರೆಂಟು ಹೆಚ್ಚುಕಮ್ಮಿ ವಾಲ್ವ್ ಎಳೆಯುವಷ್ಟೇ. ಬಲ್ಬ್ ಬೆಳ್ಳಗೆ ಉರಿದರೆ ಸಪ್ಲೈ ಸರಿ. ಕೆಂಪಗೆ ಮಿಣಮಿಣ ಅಂದರೆ ಅಥವಾ ಹತ್ತಲೇ ಇಲ್ಲ ಅಂದರೆ ನಿಮ್ಮ ಕಳ್ಳ ಆ ಕಡೆ ಇದ್ದಾನೆ. ಬಲ್ಬ್ ಉರಿಯುತ್ತಿರುವಾಗಲೇ ಮೀಟರಿನ ಒಂದು ಮೊನೆ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಮೊನೆ ಸಪ್ಲೈ ಪಿನ್ನಿಗೆ ಇಟ್ಟು ನೋಡಿ, 0.2 ಅಥವಾ 0.3 ವೋಲ್ಟಿಗಿಂತ ಜಾಸ್ತಿ ಬರಬಾರದು. ಒಂದು ವೋಲ್ಟ್, ಎರಡು ವೋಲ್ಟ್ ಬಂದರೆ ದಾರಿಯಲ್ಲಿ ಎಲ್ಲೋ ಅಷ್ಟು ಸೋತುಹೋಗಿದೆ. ಆದರೆ ಈ ಬಲ್ಬನ್ನು ಇಸಿಯು ಕಡೆಯ ಪಿನ್ನಿಗೆ ಹಾಕಬೇಡಿ. ತಣ್ಣಗಿನ ಬಲ್ಬ್ ಹತ್ತುವ ಕ್ಷಣದಲ್ಲಿ ತುಂಬಾ ಜಾಸ್ತಿ ಕರೆಂಟು ಎಳೆಯುತ್ತದೆ. ಆ ಕಡೆಗೆ ಎಲ್‌ಇಡಿ ಟೆಸ್ಟರ್ ಆದರೆ ಪರವಾಗಿಲ್ಲ.

ಸ್ಕ್ಯಾನರಿನಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಈ ವಾಲ್ವಿಗೆ ಸಪ್ಲೈ ಬರುವ ಫ್ಯೂಸಿನಿಂದಲೇ ಎಷ್ಟೋ ಕಾರುಗಳಲ್ಲಿ ಆಕ್ಸಿಜನ್ ಸೆನ್ಸರ್ ಹೀಟರಿಗೂ ಇಂಥದ್ದೇ ಇನ್ನೊಂದೆರಡು ಕರೆಂಟಿನ ವಾಲ್ವಿಗೂ (ಸೊಲೆನಾಯ್ಡ್) ಕರೆಂಟು ಹೋಗುತ್ತದೆ. ಅವುಗಳ ಕೋಡೂ ಜೊತೆಗೆ ಬಂದಿದ್ದರೆ ಫ್ಯೂಸ್, ರಿಲೇ ನೋಡಿ. ನಿಮಗೆ ಒಂಟಿ 0444 ಮಾತ್ರ ಬಂದಿದೆ, ಹಾಗಾಗಿ ತೊಂದರೆ ಆ ವೈರ್ ಕವಲೊಡೆದ ಮೇಲೆ, ವಾಲ್ವಿನ ಕಡೆಗೇ ಇರಬೇಕು ಎಂದು ನನ್ನ ಅಂದಾಜು.

ಈಗ ಎರಡನೇ ವೈರ್. ಕಪ್ಲರ್ ಬಿಚ್ಚಿರುವಾಗಲೇ ಕೀ ಆನ್‌ನಲ್ಲಿ ಇಸಿಯು ಕಡೆಯ ಪಿನ್ನಿನಲ್ಲಿ ವೋಲ್ಟ್ ನೋಡಿ. ಆಗಲೇ ಹೇಳಿದ ಎರಡೋ ಮೂರೋ ವೋಲ್ಟ್ ಸಿಕ್ಕಿದರೆ ಆ ವೈರ್ ಇಸಿಯುವರೆಗೂ ತಲುಪಿದೆ. ಸೊನ್ನೆ ಬಂದರೆ ವೈರ್ ತುಂಡಾಗಿರಬಹುದು, ಅರ್ತ್ ಆಗಿರಬಹುದು, ಅಥವಾ ನಿಮ್ಮ ಇಸಿಯು ಹಾಗೆ ವೋಲ್ಟ್ ಕೊಡುವ ಜಾತಿಯದಲ್ಲದಿರಬಹುದು. ಆಗ ಬ್ಯಾಟರಿ ನೆಗೆಟಿವ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಇಸಿಯು ಕಪ್ಲರ್ ಬಿಚ್ಚಿ, ಈ ತುದಿಯಿಂದ ಆ ತುದಿಗೆ ಓಮ್ ನೋಡಬೇಕು. ಇದಕ್ಕೆ ವೈರಿಂಗ್ ಚಿತ್ರ ಬೇಕು, ಇಸಿಯು ಪಿನ್ ನಂಬರ್ ಬೇಕು. ಕೈಯಲ್ಲಿ ಚಿತ್ರ ಇಲ್ಲದೆ ಇಸಿಯು ಕಪ್ಲರಿಗೆ ಕೈ ಹಾಕಬೇಡಿ, ಅಲ್ಲಿಯವರೆಗಿನದನ್ನು ಮಾತ್ರ ನೀವು ಮಾಡಿ.

ಇಷ್ಟೆಲ್ಲ ಮಾಡಿ ಎಲ್ಲವೂ ಸರಿ ಅಂತ ಬಂದರೆ? ಬರುತ್ತದೆ. ಯಾಕೆಂದರೆ ನೀವು ಪರೀಕ್ಷೆ ಮಾಡುವುದು ಮಳೆ ಬಿಟ್ಟ ಹೊತ್ತಿನಲ್ಲಿ. ಆಗ ನಾವೇ ಮಳೆ ಬರಿಸಬೇಕು. ಕಪ್ಲರ್ ವಾಪಸ್ ಹಾಕಿ. ಇಸಿಯು ಕಡೆಯ ವೈರಿನ ಪಕ್ಕದಲ್ಲಿ ಹಿಂದಿನಿಂದ, ಸೀಲ್ ಹರಿಯದ ಹಾಗೆ, ಗುಂಡುಸೂಜಿ ತೂರಿಸಿ ಮೀಟರ್ ಕೊಡಿ. ವೈರಿನ ಸಿಪ್ಪೆಗೆ ಮಾತ್ರ ಸೂಜಿ ಚುಚ್ಚಬೇಡಿ. ಬಯಲುಸೀಮೆಯಲ್ಲಿ ನಡೆದೀತು, ಇಲ್ಲಿ ಆ ತೂತಿನಿಂದ ನೀರು ಇಳಿದು ಎರಡು ಮಳೆಗಾಲದಲ್ಲಿ ತಾಮ್ರ ಹಸಿರು ಪುಡಿಯಾಗುತ್ತದೆ. ಕೀ ಆನ್ ಮಾಡಿ, ಎಂಜಿನ್ ಆಫ್. ಮೀಟರ್ 12ರ ಆಸುಪಾಸು ತೋರಿಸುತ್ತಿರಬೇಕು, ಕಾಯಿಲ್ ಮೂಲಕ ಬಂದ 12. ಈಗ ಕಪ್ಲರಿಗೆ ನೀರು ಚಿಮುಕಿಸಿ, ವೈರಿಂಗ್ ಕಿಟ್ಟನ್ನು (ವೈರುಗಳ ಕಟ್ಟನ್ನು) ಇಂಚಿಂಚೇ ಅಲುಗಿಸುತ್ತಾ ಹಿಂದಕ್ಕೆ ಹೋಗಿ, ಮತ್ತೆ ನೀರು, ಮತ್ತೆ ಅಲುಗಾಟ, ಒಬ್ಬರು ಮೀಟರನ್ನೇ ನೋಡುತ್ತಾ ಕೂತಿರಲಿ. ನೀವು ಮುಟ್ಟಿದ ಯಾವುದೋ ಜಾಗದಲ್ಲಿ 12 ಹೋಗಿ ದಿಢೀರನೆ ಮೂರಕ್ಕೆ ಬಿತ್ತು ಅಂದರೆ ಜಾಗ ಸಿಕ್ಕಿತು: ಸಪ್ಲೈ ಕಡೆ ಅಥವಾ ಪಿನ್ನಿನಲ್ಲಿ ಸಂಪರ್ಕ ಬಿಡುತ್ತಿದೆ. ಸೊನ್ನೆಗೆ ಬಿದ್ದರೆ ಅರ್ತ್ ಆಗುತ್ತಿದೆ. ಇದರಲ್ಲೊಂದು ಮೋಸ ಇದೆ. ಸೂಜಿಗೂ ಇಸಿಯುಗೂ ನಡುವೆ ವೈರ್ ಬಿಡುತ್ತಿದ್ದರೆ ಮೀಟರ್ 12ರಲ್ಲೇ ತಣ್ಣಗೆ ಕೂತಿರುತ್ತದೆ, ಕೋಡ್ ಮಾತ್ರ ಬರುತ್ತದೆ. ಆಗ ವಾಲ್ವಿನ ಕಪ್ಲರ್ ಬಿಚ್ಚಿ, ಇಸಿಯು ಕೊಡುವ ಆ ಸಣ್ಣ ವೋಲ್ಟೇಜಿನ ಮೇಲೆ ಕಣ್ಣಿಟ್ಟು ಅದೇ ಅಲುಗಾಟ ಮಾಡಿ. ಅದು ಮಾಯವಾದ ಜಾಗದಲ್ಲಿ ವೈರ್ ಬಿಚ್ಚಿ ನೋಡಿ. (ಕಪ್ಲರ್ ಬಿಚ್ಚಿ ಕೀ ಆನ್ ಮಾಡಿದರೆ ಕೋಡ್ ಬಂದೇ ಬರುತ್ತದೆ. ಕೊನೆಯಲ್ಲಿ ಅಳಿಸಿದರಾಯಿತು.)

ನೀರು ಬಿದ್ದರೆ ವೈರ್ ಹೇಗೆ ತುಂಡಾಗುತ್ತದೆ ಎಂದು ನೀವು ಕೇಳಬಹುದು. ನೀರು ತುಂಡು ಮಾಡುವುದಿಲ್ಲ, ಅದು ಮಾಡಬೇಕಾದ ಕೆಲಸ ಹಿಂದಿನ ನಾಲ್ಕು ಮಳೆಗಾಲದಲ್ಲಿ ಮಾಡಿ ಮುಗಿಸಿರುತ್ತದೆ. ಕಿಲುಬು ಹಿಡಿದ ಪಿನ್ ಒಣಗಿದ್ದಾಗ ಹೇಗೋ ತಾಗಿಕೊಂಡಿರುತ್ತದೆ. ಒದ್ದೆಯಾಗಿ, ತಣ್ಣಗಾಗಿ, ಮೇಲಿಂದ ಹೊಂಡ ಬಿದ್ದ ರಸ್ತೆಯಲ್ಲಿ ಗಡಗಡ ಅಂದಾಗ ಬಿಟ್ಟುಕೊಡುತ್ತದೆ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಹತ್ತು ವರ್ಷಕ್ಕಿಂತ ಹಿಂದೆ ಪೊನ್ನಂಪೇಟೆ ಕಡೆಯಿಂದ ಒಂದು ಕಾರು ಬರುತ್ತಿತ್ತು. ಬೆಳಿಗ್ಗೆ ದೀಪ, ಕೋಡ್ ಅಳಿಸಿದರೆ ಮಧ್ಯಾಹ್ನವೆಲ್ಲ ಏನೂ ಇಲ್ಲ. ನಾನೂ ಮೊದಲು ವಾಲ್ವ್ ಬದಲಾಯಿಸಿದೆ. ಆಮೇಲೆ, ಹೇಳಲು ನಾಚಿಕೆ, ಕ್ಯಾನಿಸ್ಟರನ್ನೂ ಬದಲಾಯಿಸಿದೆ. ಅದರಲ್ಲಿ ಕರೆಂಟಿನ ವೈರೇ ಇರಲಿಲ್ಲ! ಕೊನೆಗೆ ಒಂದು ರಾತ್ರಿ ಕಾರು ನನ್ನ ಅಂಗಳದಲ್ಲೇ ನಿಂತಿತ್ತು. ಬೆಳಿಗ್ಗೆ ಮಂಜು ಕರಗುವ ಮುಂಚೆ ಬಾನೆಟ್ ತೆಗೆದು ನೋಡಿದರೆ ವೈಪರ್ ಕೆಳಗಿನ ತಟ್ಟೆಯಿಂದ ಹನಿ ಹನಿ ನೀರು ಸೀದಾ ಕಪ್ಲರಿನ ಮೇಲೆ ಬೀಳುತ್ತಿತ್ತು. ಆ ತಟ್ಟೆಯ ನೀರು ಹೋಗುವ ತೂತಿನ ತುಂಬ ಸಿಲ್ವರ್ ಓಕ್ ಎಲೆ ಕಟ್ಟಿಕೊಂಡಿತ್ತು. ಕಾರು ತೋಟದ ಮನೆಯಲ್ಲಿ ಮರದ ಕೆಳಗೇ ನಿಲ್ಲುತ್ತಿತ್ತಲ್ಲ. ಎಲೆ ತೆಗೆದು, ಎರಡು ಪಿನ್ ಬದಲಾಯಿಸಿ, ಸೀಲ್ ಹಾಕಿದ ಮೇಲೆ ಆ ಕಾರು ಅದೇ ದೂರಿಗೆ ಮತ್ತೆ ಬರಲಿಲ್ಲ. ಕ್ಯಾನಿಸ್ಟರಿನ ದುಡ್ಡು ವಾಪಸ್ ಕೊಟ್ಟೆ. ನೀವೂ ಮೊದಲು ಆ ತಟ್ಟೆಗೆ ಕೈ ಹಾಕಿ ನೋಡಿ, ಐದು ನಿಮಿಷದ ಕೆಲಸ.

ಎರಡನೇ ಅನುಮಾನ ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಇಲಿ ಬಾನೆಟ್ ಒಳಗೆ ಬರುತ್ತದೆ, ಶೆಡ್ಡಿನಲ್ಲಿ ಭತ್ತವೋ ಕಾಫಿ ಚೀಲವೋ ಇದ್ದರಂತೂ ಕೇಳುವುದೇ ಬೇಡ. ಇನ್‌ಟೇಕ್ ಹಿಂಭಾಗ, ಬ್ಯಾಟರಿ ತಟ್ಟೆಯ ಕೆಳಗೆ ಹಿಕ್ಕೆ, ನಾರು, ತೊಗಟೆ ಕಂಡರೆ ಅಲ್ಲಿನ ವೈರಿಂಗ್ ಕಿಟ್ಟಿನ ಹೊದಿಕೆ ಬಿಚ್ಚಲೇಬೇಕು. ಇಲಿ ಪೂರ್ತಿ ಕಡಿದರೆ ನಮ್ಮ ಪುಣ್ಯ, ಸುಲಭವಾಗಿ ಸಿಗುತ್ತದೆ. ಅರ್ಧ ಕಡಿದು ಬಿಟ್ಟರೆ ನಿಮ್ಮ ಕಾರಿನ ಹಾಗೆ ಆಟ ಆಡಿಸುತ್ತದೆ. ನುಸಿಗುಳಿಗೆ, ತಂಬಾಕಿನ ಎಲೆ ಎಲ್ಲ ಜನ ಇಡುತ್ತಾರೆ. ನನ್ನ ಅನುಭವದಲ್ಲಿ ಒಂದು ವಾರಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದಿಲ್ಲ, ವಾಸನೆ ಮಾತ್ರ ಕಾರಿನೊಳಗೆ ಬರುತ್ತದೆ. ಶೆಡ್ಡಿನೊಳಗೆ ನಿಲ್ಲಿಸುವವರು ರಾತ್ರಿ ಬಾನೆಟ್ ಎತ್ತಿಡುವುದು ಅದಕ್ಕಿಂತ ಮೇಲು. ಬೆಚ್ಚಗೂ ಇರುವುದಿಲ್ಲ, ಕತ್ತಲೂ ಇರುವುದಿಲ್ಲ.

ಜಾಗ ಸಿಕ್ಕಿದ ಮೇಲೆ ರಿಪೇರಿ. ಎರಡು ತುದಿ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿ ಕಳಿಸುವವರ ಹತ್ತಿರ ಮಾಡಿಸಬೇಡಿ. ಆ ಟೇಪಿನ ಅಂಟು ಎಂಜಿನ್ ಬಿಸಿಗೆ ಕರಗಿ ಕಕ್ಕಡ ತಿಂಗಳು (ಕೊಡಗಿನ ಜುಲೈ-ಆಗಸ್ಟ್ ಮಳೆ ತಿಂಗಳು) ಮುಗಿಯುವುದರೊಳಗೆ ಬಿಚ್ಚಿಕೊಳ್ಳುತ್ತದೆ. ಹಸಿರಾದ ತಾಮ್ರವನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು, ಅಷ್ಟೇ ದಪ್ಪದ ಹೊಸ ವೈರ್ ಸೇರಿಸಿ, ಸರಿಯಾಗಿ ಕ್ರಿಂಪ್ ಮಾಡಬೇಕು ಅಥವಾ ಬೆಸುಗೆ ಹಾಕಬೇಕು, ಅದರ ಮೇಲೆ, ಒಳಮೈಗೆ ಅಂಟು ಇರುವ, ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಬೇಕು. ಎರಡು ವೈರಿನ ಜೋಡಣೆಯೂ ಅಕ್ಕಪಕ್ಕದಲ್ಲೇ ಬರದ ಹಾಗೆ ಸ್ವಲ್ಪ ಹಿಂದೆ ಮುಂದೆ ಮಾಡಿ. ಕಪ್ಲರ್ ಹಾಳಾಗಿದ್ದರೆ ವೈರ್ ಸಮೇತ ಹೊಸ ಕಪ್ಲರ್ ಸಿಗುತ್ತದೆ, ಇಸಿಯು ಬೆಲೆಯ ಮುಂದೆ ಅದು ಚಿಲ್ಲರೆ. ಮತ್ತೆ, ಕೆಸರು ತೊಳೆಯಲು ಪ್ರೆಷರ್ ವಾಷರ್ ಹಿಡಿದು ಎಂಜಿನ್ ಒಳಗೆ ಹೊಡೆಸುವುದನ್ನು ನಿಲ್ಲಿಸಿ. ಮಳೆ ಮೇಲಿಂದ ಬೀಳುತ್ತದೆ, ಕಪ್ಲರಿನ ಸೀಲ್ ಅದನ್ನು ತಡೆಯುತ್ತದೆ. ಆ ವಾಷರ್ ನೀರನ್ನು ಸೀಲಿನೊಳಗೇ ನುಗ್ಗಿಸುತ್ತದೆ.

ಇಷ್ಟಾದ ಮೇಲೂ ಏನೂ ಸಿಗದಿದ್ದರೆ ಮಾತ್ರ ಇಸಿಯು ಮೇಲೆ ಅನುಮಾನ ಪಡಿ. ಆಗಲೂ ಅದನ್ನು ಸಾಬೀತು ಮಾಡಿ ಎಂದು ಗ್ಯಾರೇಜಿನವರನ್ನು ಕೇಳಿ. ಒಳ್ಳೆಯ ಸ್ಕ್ಯಾನರಿನಲ್ಲಿ ಪರ್ಜ್ ವಾಲ್ವನ್ನು ಕೈಯಾರೆ ಆನ್ ಆಫ್ ಮಾಡುವ ಪರೀಕ್ಷೆ ಇರುತ್ತದೆ. ಫೋನಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಡಾಂಗಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸ್ಕ್ಯಾನರ್ ಆನ್ ಎಂದಾಗ ಇಸಿಯು ಪಿನ್ನಿನಲ್ಲೇ ಮೀಟರ್ ಇಟ್ಟು ವೋಲ್ಟೇಜ್ ಕೆಳಗೆ ಬರುತ್ತದಾ ನೋಡಬೇಕು. ಇಸಿಯುನ ಅರ್ತ್ ವೈರುಗಳು ಬಾಡಿಗೆ ಬಿಗಿಯಾಗಿವೆಯಾ ನೋಡಬೇಕು. ಇಸಿಯು ಪಿನ್ನಿನಿಂದ ವಾಲ್ವಿಗೆ ಹೊರಗಿನಿಂದ ಒಂದು ತಾತ್ಕಾಲಿಕ ವೈರ್ ಎಳೆದು ಮಳೆಯಲ್ಲಿ ಎರಡು ದಿನ ಓಡಿಸಬೇಕು. ಆಗ ಕೋಡ್ ಬರದಿದ್ದರೆ ಇಸಿಯು ಆರಾಮಾಗಿದೆ, ಹಳೇ ವೈರೇ ಕಳ್ಳ. ಯಾರಾದರೂ ಗುಜರಿಯಿಂದ ಹಳೇ ಇಸಿಯು ತಂದು ಹಾಕುತ್ತೇವೆ ಅಂದರೆ ಒಪ್ಪಬೇಡಿ. ಕಳ್ಳತನ ತಡೆಯುವ ಇಮೊಬಿಲೈಸರ್ ಹೊಂದಿಸದೆ ಕಾರು ಸ್ಟಾರ್ಟೇ ಆಗುವುದಿಲ್ಲ, ಇರುವ ರೋಗದ ಜೊತೆ ಇನ್ನೊಂದು ಸೇರುತ್ತದೆ.

ಸರಿಯಾದ ಮೇಲೆ ಕೋಡ್ ಅಳಿಸಿ. ಅಳಿಸದಿದ್ದರೂ ತಪ್ಪು ಕಾಣದೆ ಮೂರು ಸಲ ಸರಿಯಾಗಿ ಓಡಿದರೆ ದೀಪ ತಾನೇ ಆರುತ್ತದೆ, ಕೋಡ್ ಮಾತ್ರ ನೆನಪಿನಲ್ಲಿ ಇನ್ನೂ ಸ್ವಲ್ಪ ದಿನ ಉಳಿದಿರುತ್ತದೆ. ಆದರೆ ಅಳಿಸಿದ ಮರುದಿನ ದೀಪ ಇಲ್ಲ ಅಂತ ಖುಷಿಪಡಬೇಡಿ, ಒಂದು ಒಳ್ಳೆ ಮಳೆ ದಾಟಲಿ.

ಇನ್ನು ಮೈಸೂರು. ಹೋಗಿ ಬನ್ನಿ. 0444ರಲ್ಲಿ ವಾಲ್ವ್ ಬಾಯಿ ಮುಚ್ಚಿಯೇ ಇರುತ್ತದೆ, ಎಂಜಿನ್ನಿಗೆ ಏನೂ ಆಗುವುದಿಲ್ಲ. ಆವಿ ಸುಡುವುದು ನಿಂತಿರುತ್ತದೆ, ಹಾಗಾಗಿ ನಿಲ್ಲಿಸಿದ ಕಡೆ ಸ್ವಲ್ಪ ಪೆಟ್ರೋಲ್ ವಾಸನೆ ಬರಬಹುದು, ಮುಚ್ಚಿದ ಶೆಡ್ಡಿನಲ್ಲಿ ನಿಲ್ಲಿಸಬೇಡಿ. ಹೊಗೆ ತಪಾಸಣೆಯಲ್ಲಿ ಇದು ಸಿಗುವುದಿಲ್ಲ, ಅದು ನೋಡುವುದು ಸೈಲೆನ್ಸರಿನ ಹೊಗೆ ಮಾತ್ರ. ಒಂದು ತೊಂದರೆ ಇದೆ: ದೀಪ ಈಗಾಗಲೇ ಹತ್ತಿರುವುದರಿಂದ ದಾರಿಯಲ್ಲಿ ಬೇರೇನಾದರೂ ಕೆಟ್ಟರೂ ನಿಮಗೆ ಗೊತ್ತಾಗುವುದಿಲ್ಲ. ಹೊರಡುವ ಹಿಂದಿನ ದಿನ ಕೋಡ್ ಅಳಿಸಿಕೊಳ್ಳಿ. ದೀಪ ಮಿಣುಕತೊಡಗಿದರೆ ಅದು ಇದಲ್ಲ, ಮಿಸ್‌ಫೈರ್, ಅಂದರೆ ಎಂಜಿನ್ನಿನೊಳಗೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ನಿಧಾನ ಮಾಡಿ ಪಕ್ಕಕ್ಕೆ ನಿಲ್ಲಿಸಿ. ಕುಶಾಲನಗರದಲ್ಲಿ ಪೆಟ್ರೋಲ್ ಹಾಕಿಸುವಾಗ ಗನ್ ಕ್ಲಿಕ್ ಅಂದ ಮೇಲೆ ‘ಇನ್ನೊಂದು ಐವತ್ತು ರೂಪಾಯಿದು ಹಾಕು’ ಅನ್ನಬೇಡಿ, ಉಕ್ಕಿದ ಪೆಟ್ರೋಲ್ ಕ್ಯಾನಿಸ್ಟರಿನ ಇದ್ದಿಲನ್ನು ತೋಯಿಸಿಬಿಡುತ್ತದೆ. ವಾಪಸ್ ಬಂದ ಮೇಲೆ ಬಲ್ಬ್ ಪರೀಕ್ಷೆ ಮಾಡಿ ಎಷ್ಟು ವೋಲ್ಟ್ ಬಂತು ಅಂತ ಬರೆಯಿರಿ, ಮುಂದೆ ಎಲ್ಲಿ ಬಿಚ್ಚಬೇಕು ಅಂತ ಹೇಳುತ್ತೇನೆ.